ಲೆಕ್ಕವೂ ಕಲ್ಪನೆಯೂ ಒಂದೇ ಪದವಿಯಲ್ಲಿ: ನಿರ್ವಹಣೆ ಮತ್ತು ನಾವೀನ್ಯದ ಸಂಯುಕ್ತ ಓದು ಎಂದರೇನು?

ಹನ್ನೆರಡನೆಯ ತರಗತಿಯ ವಾಣಿಜ್ಯ ವಿಭಾಗದಲ್ಲಿ ಓದುವ ಮಕ್ಕಳಿರುವ ಮುಂಬಯಿ, ಪುಣೆಯ ಕನ್ನಡಿಗರ ಮನೆಗಳಲ್ಲಿ ಮುಂದಿನ ಓದಿನ ಮಾತು ಬಂದಾಗ ಬಹಳ ಕಾಲದಿಂದ ಕೇಳಿಬರುತ್ತಿದ್ದ ಹೆಸರುಗಳು ಕೆಲವೇ: ಬಿ.ಕಾಂ., ಅದರ ಜೊತೆಜೊತೆಗೆ ಸಿ.ಎ., ಇಲ್ಲವಾದರೆ ನಿರ್ವಹಣೆಯ ಪದವಿಗಳಾದ ಬಿ.ಎಂ.ಎಸ್. ಅಥವಾ ಬಿ.ಬಿ.ಎ., ಅನಂತರ ಎಂ.ಬಿ.ಎ. ಈಚಿನ ವರ್ಷಗಳಲ್ಲಿ ಈ ಸಾಲಿಗೆ ಬೇರೆ ಬಗೆಯ ಹೆಸರುಗಳು ಸೇರಿಕೊಂಡಿವೆ. ನಿರ್ವಹಣೆ ಮತ್ತು ಸೃಜನಶೀಲ ನಾವೀನ್ಯ, ಬಿಸಿನೆಸ್ ಡಿಸೈನ್, ಸ್ಟ್ರಾಟಜಿಕ್ ಡಿಸೈನ್ ಮ್ಯಾನೇಜ್‌ಮೆಂಟ್ ಎಂದೆಲ್ಲ ಕರೆಸಿಕೊಳ್ಳುವ ಈ ಕೋರ್ಸುಗಳ ಕೈಪಿಡಿಯನ್ನು ತಿರುವಿ ನೋಡಿದ ತಂದೆ ತಾಯಿಗೆ ಮೊದಲು ಏಳುವ ಸಂಶಯ ನ್ಯಾಯವಾದದ್ದೇ: ಲೆಕ್ಕವನ್ನೂ ಪೂರ್ತಿ ಕಲಿಸದೆ, ವಿನ್ಯಾಸವನ್ನೂ ಪೂರ್ತಿ ಕಲಿಸದೆ, ಮಕ್ಕಳನ್ನು ನಡುದಾರಿಯಲ್ಲಿ ಕೈಬಿಡುವ ಓದು ಇದಾಗಿದ್ದರೆ?

ಕೆಲವು ಕಡೆ ಅದು ಹಾಗೆಯೇ ಇದೆ. ಆದರೆ ಸರಿಯಾಗಿ ಹೆಣೆದ ಸಂಯುಕ್ತ ಪದವಿಯೊಂದು ಈ ಎರಡು ವಿದ್ಯೆಗಳಲ್ಲಿ ಯಾವುದೂ ಒಂಟಿಯಾಗಿ ಕೊಡಲಾರದ ಒಂದು ಶಕ್ತಿಯನ್ನು ಕೊಡುತ್ತದೆ. ಎರಡು ವಿಷಯಗಳನ್ನು ಅಕ್ಕಪಕ್ಕದಲ್ಲಿ ಇಟ್ಟ ಮಾತ್ರಕ್ಕೆ ಆ ಶಕ್ತಿ ಹುಟ್ಟುವುದಿಲ್ಲ. ಒಂದು ವಿದ್ಯೆಯ ಕುರುಡುತನವನ್ನು ಇನ್ನೊಂದು ತಿದ್ದುವಂತೆ ಪಾಠ, ಪ್ರಯೋಗ ಮತ್ತು ಪರೀಕ್ಷೆಯನ್ನು ಕೂಡಿಸಿದಾಗ ಮಾತ್ರ ಹುಟ್ಟುತ್ತದೆ. ಈ ಕೂಡಿಕೆ ಹೇಗೆ ನಡೆಯುತ್ತದೆ, ನಮ್ಮ ಊರಿನ ಕಾಲೇಜುಗಳಲ್ಲಿ ಅದನ್ನು ಹೇಗೆ ಗುರುತಿಸಬೇಕು ಎಂಬುದನ್ನು ಇಲ್ಲಿ ಬಿಡಿಸಿ ಹೇಳಲು ಯತ್ನಿಸಿದ್ದೇನೆ.

ಎರಡು ಬಾಗಿಲುಗಳು

ಮುಂಬಯಿಯಲ್ಲಿ ಸರ್ ಜೆ.ಜೆ. ಕಲಾಶಾಲೆ ಮತ್ತು ಮುಂಬಯಿ ವಿಶ್ವವಿದ್ಯಾಲಯ ಎರಡೂ 1857ರಲ್ಲೇ ಆರಂಭವಾದವು. ಒಂದೇ ವರ್ಷ ಹುಟ್ಟಿದರೂ ಅವುಗಳ ದಾರಿ ಬೇರೆಯಾಯಿತು. ವಾಣಿಜ್ಯ ಶಿಕ್ಷಣ 1913ರಲ್ಲಿ ಸ್ಥಾಪನೆಯಾದ ಸಿಡನ್‌ಹ್ಯಾಮ್ ಕಾಲೇಜಿನ ಮೂಲಕ ವಿಶ್ವವಿದ್ಯಾಲಯದ ಕಡೆ ಬೆಳೆಯಿತು. 1965ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಜಮ್ನಾಲಾಲ್ ಬಜಾಜ್ ನಿರ್ವಹಣಾ ಅಧ್ಯಯನ ಸಂಸ್ಥೆ ಬಂತು. ಕೈಗಾರಿಕಾ ವಿನ್ಯಾಸದ ಶಿಕ್ಷಣವಾದರೋ 1969ರಲ್ಲಿ ಪವಾಯಿಯ ಐಐಟಿಯೊಳಗೆ ಇಂಡಸ್ಟ್ರಿಯಲ್ ಡಿಸೈನ್ ಸೆಂಟರ್ ಎಂಬ ಹೆಸರಿನಲ್ಲಿ, ಎಂಜಿನಿಯರುಗಳ ನೆರೆಯಲ್ಲಿ ನೆಲೆ ಕಂಡುಕೊಂಡಿತು. ಅಹಮದಾಬಾದಿನಲ್ಲಂತೂ ಈ ಬೇರ್ಪಡೆ ಇನ್ನೂ ಸ್ಪಷ್ಟ. ಅಲ್ಲಿ 1961ರ ಒಂದೇ ವರ್ಷದಲ್ಲಿ ಒಂದೇ ಸಾರಾಭಾಯಿ ಮನೆತನದ ಮುತುವರ್ಜಿಯಿಂದ ಎರಡು ದೊಡ್ಡ ಸಂಸ್ಥೆಗಳು ಎದ್ದು ನಿಂತವು. ವಿಕ್ರಮ್ ಸಾರಾಭಾಯಿ ಅವರು ಐಐಎಂಗೆ ದುಡಿದರೆ, ಗೌತಮ್ ಮತ್ತು ಗೀರಾ ಸಾರಾಭಾಯಿ ಅವರು ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ದುಡಿದರು. ಒಡಹುಟ್ಟಿದವರು ಕಟ್ಟಿದ ಸಂಸ್ಥೆಗಳಾದರೂ ಇವತ್ತಿಗೂ ಅವುಗಳ ಪ್ರವೇಶ ಪರೀಕ್ಷೆ ಬೇರೆ, ಪಾಠಕ್ರಮ ಬೇರೆ, ಅಲ್ಲಿಂದ ಹೊರಬಂದವರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಕಂಪನಿಗಳ ನಿರೀಕ್ಷೆಯೂ ಬೇರೆ.

ಬೇರೆಯಾಗಲು ಕಾರಣವಿತ್ತು. ಇರುವ ವ್ಯವಹಾರವನ್ನು ನಷ್ಟವಿಲ್ಲದೆ, ಪೋಲಿಲ್ಲದೆ, ನಿಯಮ ಮೀರದೆ ನಡೆಸುವುದು ನಿರ್ವಹಣಾ ವಿದ್ಯೆಯ ಮೊದಲ ಕಾಳಜಿ. ಇಲ್ಲದ ವಸ್ತುವನ್ನೋ ಸೇವೆಯನ್ನೋ ಬಳಸುವವನ ಕಣ್ಣಿನಿಂದ ಊಹಿಸಿ ರೂಪಿಸುವುದು ವಿನ್ಯಾಸದ ಕಾಳಜಿ. ಒಂದಕ್ಕೆ ಅಳತೆ ಮುಖ್ಯ, ಇನ್ನೊಂದಕ್ಕೆ ಅಳತೆಗೆ ಇನ್ನೂ ಸಿಗದ ಸಂಗತಿ ಮುಖ್ಯ. ಆದರೂ ಇವೆರಡರ ನಡುವಿನ ಗೋಡೆ ತತ್ತ್ವದ ಮಟ್ಟದಲ್ಲಿ ಎಂದೂ ಗಟ್ಟಿಯಾಗಿರಲಿಲ್ಲ. ಸಂಸ್ಥೆಗಳಲ್ಲಿ ನಿರ್ಧಾರಗಳು ಹೇಗೆ ಆಗುತ್ತವೆ ಎಂಬ ಸಂಶೋಧನೆಗಾಗಿ 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಹರ್ಬರ್ಟ್ ಸೈಮನ್, ಅದಕ್ಕೂ ಮೊದಲೇ, 1969ರಲ್ಲಿ, ಈಗಿರುವ ಪರಿಸ್ಥಿತಿಯನ್ನು ಬೇಕಾದ ಪರಿಸ್ಥಿತಿಯಾಗಿ ಬದಲಿಸುವ ದಾರಿಯನ್ನು ಯಾರು ಯೋಚಿಸಿದರೂ ಅವರು ಮಾಡುವುದು ವಿನ್ಯಾಸವೇ ಎಂಬ ಅರ್ಥದ ವ್ಯಾಖ್ಯೆಯನ್ನು ಕೊಟ್ಟಿದ್ದರು. ಆಡಳಿತವನ್ನು ಅಧ್ಯಯನ ಮಾಡಿದ ವಿದ್ವಾಂಸರೊಬ್ಬರೇ ಹೀಗೆ ಹೇಳಿದರು ಎಂಬುದು ಈ ವಿಷಯವನ್ನು ಅರಿಯಲು ಹೊರಟವರಿಗೆ ಒಳ್ಳೆಯ ಆಧಾರ.

ನಾವೀನ್ಯ ಎಂಬುದು ನಿಲ್ಲುವುದು ಸರಿಯಾಗಿ ಈ ಎರಡರ ನಡುವೆ. ಹೊಸದನ್ನು ಕಂಡುಹಿಡಿಯುವುದು ಒಂದು, ಅದನ್ನು ಜನರ ಬಳಕೆಗೆ ತಂದು ಅಲ್ಲಿ ಉಳಿಯುವಂತೆ ಮಾಡುವುದು ಇನ್ನೊಂದು ಎಂದು 20ನೆಯ ಶತಮಾನದ ಆರಂಭದಲ್ಲಿ ಬರೆದ ಅರ್ಥಶಾಸ್ತ್ರಜ್ಞ ಜೋಸೆಫ್ ಶುಂಪೀಟರ್, ಎರಡನೆಯದನ್ನು ಹೊಸ ಕೂಡಿಕೆಗಳ ಕೆಲಸವೆಂದು ಬಣ್ಣಿಸಿದರು. ಹೊಸ ಸರಕು, ಹೊಸ ಉತ್ಪಾದನಾ ವಿಧಾನ, ಹೊಸ ಮಾರುಕಟ್ಟೆ, ಕಚ್ಚಾವಸ್ತುವಿನ ಹೊಸ ಮೂಲ, ಉದ್ಯಮದ ಹೊಸ ಸಂಘಟನೆ ಎಂದು ಅವರು ಐದು ಬಗೆಗಳನ್ನು ಹೇಳುತ್ತಾರೆ. ಮುಂಬಯಿಯ ಕನ್ನಡಿಗರಿಗೆ ಇದು ಅರ್ಥವಾಗಲು ವಿದೇಶದ ಉದಾಹರಣೆ ಬೇಕಾಗಿಲ್ಲ. ಇಡ್ಲಿ, ದೋಸೆಯ ಕಾವಲಿಯ ಪಕ್ಕದಲ್ಲೇ ಪಾವ್‌ಭಾಜಿಯ ತವಾ ಇಟ್ಟು, ಜ್ಯೂಸಿನ ಕೌಂಟರು ತೆರೆದು, ಚೈನೀಸ್ ತಿನಿಸನ್ನು ಅದೇ ಅಡುಗೆಮನೆಯಲ್ಲಿ ಸೇರಿಸಿಕೊಂಡ ಉಡುಪಿ ಹೋಟೆಲುಗಳು ಮಾಡಿದ್ದು ಇಂಥ ಕೂಡಿಕೆಯನ್ನೇ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಮಾಲೀಕರಾದವರ ಆ ತಲೆಮಾರು ಎರಡೂ ವಿದ್ಯೆಯನ್ನು ಗಲ್ಲಾಪೆಟ್ಟಿಗೆಯ ಹಿಂದೆ ನಿಂತು ಕಲಿತುಕೊಂಡಿತು. ಅವರ ಮೊಮ್ಮಕ್ಕಳಿಗೆ ಅದನ್ನೇ ಕ್ರಮಬದ್ಧವಾಗಿ ಕಲಿಸಲು ಸಾಧ್ಯವೇ ಎಂಬುದು ಸಂಯುಕ್ತ ಪದವಿಯ ಹಿಂದಿರುವ ಪ್ರಶ್ನೆ ಎಂದು ನಾನು ತಿಳಿಯುತ್ತೇನೆ.

ತರಗತಿಯಲ್ಲಿ ಕಲಿಸುವುದೇನು

ನಿರ್ವಹಣೆಯ ಭಾಗ ಬಹುಮಟ್ಟಿಗೆ ಪರಿಚಿತ. ಹಣಕಾಸು ಲೆಕ್ಕಪತ್ರ, ವೆಚ್ಚದ ಲೆಕ್ಕ, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಮಾರುಕಟ್ಟೆ, ಸಿಬ್ಬಂದಿ, ಉತ್ಪಾದನೆ ಮತ್ತು ಸರಬರಾಜು, ವಾಣಿಜ್ಯ ಕಾನೂನು. ಇವು ಬಿ.ಬಿ.ಎ. ಇಲ್ಲವೇ ಬಿ.ಎಂ.ಎಸ್. ಓದಿದವರಿಗೆಲ್ಲ ಗೊತ್ತಿರುವುದರಿಂದ ಇಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ.

ಸೃಜನಶೀಲತೆಯನ್ನು ಕಲಿಸುವುದು ಸಾಧ್ಯವೇ ಎಂಬ ಪ್ರಶ್ನೆಯನ್ನು ಮಾತ್ರ ಹಗುರವಾಗಿ ಬಿಡುವಂತಿಲ್ಲ. ಅದು ಹುಟ್ಟಿನಿಂದಲೇ ಬರುವ ಪ್ರತಿಭೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. 1950ರಲ್ಲಿ ಅಮೆರಿಕದ ಮನೋವಿಜ್ಞಾನ ಸಂಘದ ಅಧ್ಯಕ್ಷ ಭಾಷಣ ಮಾಡುತ್ತ ಜೆ.ಪಿ. ಗಿಲ್ಫರ್ಡ್, ಬುದ್ಧಿಮತ್ತೆಯನ್ನು ಅಳೆಯುವ ಪರೀಕ್ಷೆಗಳು ಸೃಜನಶೀಲತೆಯನ್ನು ಹಿಡಿಯುವುದಿಲ್ಲವೆಂದೂ ವಿದ್ವಾಂಸರು ಅದರ ಅಧ್ಯಯನವನ್ನು ಅಲಕ್ಷಿಸಿದ್ದಾರೆಂದೂ ವಾದಿಸಿದರು. ಒಂದು ಪ್ರಶ್ನೆಗೆ ಹಲವು ಉತ್ತರಗಳ ಕಡೆಗೆ ಹರಡಿಕೊಳ್ಳುವ ಯೋಚನೆ ಮತ್ತು ಹಲವು ಉತ್ತರಗಳಿಂದ ಒಂದರ ಕಡೆಗೆ ಕೂಡಿಬರುವ ಯೋಚನೆ ಎಂಬ ಭೇದವನ್ನು ಬೆಳೆಸಿದವರೂ ಅವರೇ. ಇವತ್ತಿನ ವಿನ್ಯಾಸ ತರಗತಿಗಳಲ್ಲಿ ನಡೆಯುವ ಅಭ್ಯಾಸದ ಬಹುಪಾಲು ಈ ಎರಡು ಚಲನೆಗಳ ಶಿಸ್ತು: ಯಾವಾಗ ಹರಡಬೇಕು, ಯಾವಾಗ ಕೂಡಿಸಬೇಕು, ಹರಡುವ ಹೊತ್ತಿನಲ್ಲಿ ತೀರ್ಪು ಕೊಡದೆ ಇರುವುದು ಹೇಗೆ, ಕೂಡಿಸುವ ಹೊತ್ತಿನಲ್ಲಿ ಮಮತೆ ಇಲ್ಲದೆ ಕೈಬಿಡುವುದು ಹೇಗೆ. ಇದಕ್ಕೆ ಚಿತ್ರ ಬರೆಯುವ ಕೈ ಚೆನ್ನಾಗಿರಲೇಬೇಕೆಂದಿಲ್ಲ.

ಎರಡನೆಯ ಪಾಠ ಸಮಸ್ಯೆಯನ್ನು ಹಿಡಿಯುವುದಕ್ಕೆ ಸಂಬಂಧಿಸಿದ್ದು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹಾರ್ಸ್ಟ್ ರಿಟಲ್ ಮತ್ತು ಮೆಲ್ವಿನ್ ವೆಬರ್ 1973ರಲ್ಲಿ ನಗರ ಯೋಜನೆಯ ಸಮಸ್ಯೆಗಳನ್ನು ಕುರಿತು ಬರೆಯುತ್ತ, ಕೆಲವು ಸಮಸ್ಯೆಗಳಿಗೆ ಗಣಿತದ ಲೆಕ್ಕಕ್ಕಿರುವಂತೆ ಖಚಿತವಾದ ಹೇಳಿಕೆಯೇ ಇರುವುದಿಲ್ಲ ಎಂದು ತೋರಿಸಿದರು. ಅವುಗಳನ್ನು ಹೇಗೆ ವಿವರಿಸುತ್ತೇವೆ ಎಂಬುದೇ ಯಾವ ಪರಿಹಾರ ಸಿಗುತ್ತದೆ ಎಂಬುದನ್ನು ನಿರ್ಧರಿಸುತ್ತದೆ. ಮುಗಿಯಿತು ಎನ್ನುವ ಗೆರೆ ಅವುಗಳಿಗಿಲ್ಲ. ಸರಿ ತಪ್ಪು ಎಂಬುದರ ಬದಲು ಮೇಲು, ಕೀಳು ಎಂಬ ಉತ್ತರಗಳಷ್ಟೇ ಇರುತ್ತವೆ. ದಾದರ್ ನಿಲ್ದಾಣದ ಸೇತುವೆಯ ಮೇಲಿನ ಸಂಜೆಯ ನೂಕುನುಗ್ಗಲು ರೈಲುಗಳ ಸಂಖ್ಯೆಯ ಸಮಸ್ಯೆಯೋ, ಕಚೇರಿಗಳೆಲ್ಲ ಒಂದೇ ಹೊತ್ತಿಗೆ ಬಿಡುವ ಸಮಸ್ಯೆಯೋ, ದುಡಿಯುವ ಜಾಗಕ್ಕೂ ಕೈಗೆಟಕುವ ಮನೆಗೂ ನಡುವಿನ ದೂರದ ಸಮಸ್ಯೆಯೋ? ಯಾವುದೆಂದು ಹೇಳುತ್ತೇವೋ ಅದಕ್ಕೆ ತಕ್ಕ ಇಲಾಖೆ, ತಕ್ಕ ವೆಚ್ಚ, ತಕ್ಕ ಪರಿಹಾರ ಬರುತ್ತದೆ. ಕೊಟ್ಟ ಪ್ರಶ್ನೆಗೆ ಉತ್ತರ ಬರೆದು ಹನ್ನೆರಡು ವರ್ಷ ಅಂಕ ಗಳಿಸಿದ ವಿದ್ಯಾರ್ಥಿಗೆ, ಕೊಟ್ಟ ಪ್ರಶ್ನೆಯನ್ನೇ ಪರೀಕ್ಷಿಸಬೇಕು ಎಂಬ ಈ ಅಭ್ಯಾಸ ಮೊದಲ ವರ್ಷದಲ್ಲಿ ಬಹಳ ಕಷ್ಟವಾಗುತ್ತದೆ.

ಮೂರನೆಯದು ಮಾದರಿ ಕಟ್ಟಿ ನೋಡುವುದು. ಅಗ್ಗದ ರಟ್ಟಿನಲ್ಲೋ ಕಾಗದದಲ್ಲೋ ನಾಟಕದಂತೆ ಆಡಿ ತೋರಿಸಿಯೋ ಕಲ್ಪನೆಗೆ ಬೇಗ ಒಂದು ರೂಪ ಕೊಟ್ಟು, ಬಳಸುವವರ ಮುಂದಿಟ್ಟು, ಎಲ್ಲಿ ಕೆಡುತ್ತದೆ ಎಂದು ನೋಡಿ, ಮತ್ತೆ ಕಟ್ಟುವುದು. ದೊಡ್ಡ ಬಂಡವಾಳ ಹೂಡಿದ ಮೇಲೆ ತಿಳಿಯುವ ತಪ್ಪನ್ನು ಸಣ್ಣ ಖರ್ಚಿನಲ್ಲಿ ಮೊದಲೇ ತಿಳಿದುಕೊಳ್ಳುವುದು ಇದರ ಉದ್ದೇಶ.

ಒಂದು ಹೋಟೆಲಿನ ಮಧ್ಯಾಹ್ನ

ಇದಿಷ್ಟನ್ನೂ ಒಂದು ಕಲ್ಪಿತ ಉದಾಹರಣೆಯಲ್ಲಿ ನೋಡೋಣ. ಫೋರ್ಟ್ ಪ್ರದೇಶದಲ್ಲಿ ಮೂರನೆಯ ತಲೆಮಾರು ನಡೆಸುತ್ತಿರುವ ಒಂದು ಉಡುಪಿ ಹೋಟೆಲು. ಮಧ್ಯಾಹ್ನದ ಊಟದ ವ್ಯಾಪಾರ ಕಡಿಮೆಯಾಗಿದೆ. ಮಾಲೀಕರು ಕಾಲೇಜಿನ ತಂಡವೊಂದಕ್ಕೆ ಇದನ್ನು ಅಭ್ಯಾಸದ ವಿಷಯವಾಗಿ ಕೊಟ್ಟಿದ್ದಾರೆ ಎಂದು ಇಟ್ಟುಕೊಳ್ಳಿ.

ಬರಿಯ ನಿರ್ವಹಣೆ ಓದಿದ ವಿದ್ಯಾರ್ಥಿ ಮೊದಲು ಬಿಲ್ಲುಗಳನ್ನು ಕೇಳುತ್ತಾನೆ. ಗಂಟೆಗಂಟೆಯ ಮಾರಾಟ, ಪ್ರತಿ ತಿನಿಸಿನ ವೆಚ್ಚ, ಬಾಡಿಗೆ, ಸಂಬಳ, ಮನೆಗೆ ತಲುಪಿಸುವ ಆ್ಯಪ್‌ಗಳು ಹಿಡಿದುಕೊಳ್ಳುವ ಕಮಿಷನ್ ಇವನ್ನೆಲ್ಲ ಜೋಡಿಸಿ, ಊಟದ ಗಿರಾಕಿ ಕಡಿಮೆಯಾಗಿರುವುದರಿಂದ ರಿಯಾಯಿತಿ ಕೊಡಬೇಕು ಇಲ್ಲವೇ ಸಿಬ್ಬಂದಿ ಇಳಿಸಬೇಕು ಎಂಬ ತೀರ್ಮಾನಕ್ಕೆ ಬರುವ ಸಂಭವ ಹೆಚ್ಚು. ಅವನ ಲೆಕ್ಕದಲ್ಲಿ ತಪ್ಪಿಲ್ಲ. ಬಂದವರ ಬಿಲ್ಲು ಮಾತ್ರ ಅವನ ಕೈಯಲ್ಲಿದೆ; ಬಾಗಿಲವರೆಗೆ ಬಂದು ಹಿಂತಿರುಗಿದವರ ಬಿಲ್ಲು ಎಲ್ಲೂ ಇಲ್ಲ.

ಬರಿಯ ವಿನ್ಯಾಸ ಓದಿದ ವಿದ್ಯಾರ್ಥಿನಿ ಮೂಲೆಯ ಮೇಜಿನಲ್ಲಿ ಕೂತು ನೋಡುತ್ತಾಳೆ. ಒಂದು ಗಂಟೆಯಿಂದ ಮೂರರವರೆಗೆ ಯಾರು ಬಂದರು, ಒಬ್ಬರೇ ಬಂದರೋ ಗುಂಪಾಗಿ ಬಂದರೋ, ಬಾಗಿಲಲ್ಲಿ ಎಷ್ಟು ಹೊತ್ತು ನಿಂತರು, ಥಾಳಿಯಲ್ಲಿ ಏನನ್ನು ಬಿಟ್ಟೆದ್ದರು ಎಂದು ಬರೆದುಕೊಳ್ಳುತ್ತಾಳೆ. ಸಪ್ಲಾಯರನ್ನು, ಭಟ್ಟರನ್ನು, ಎದುರಿನ ಕಚೇರಿಯ ಸಿಪಾಯಿಯನ್ನು ಮಾತನಾಡಿಸುತ್ತಾಳೆ. ಕೊನೆಗೆ ಅವಳಿಗೆ ಕಾಣುವುದು ಬೇರೆ ಚಿತ್ರ: ಇಲ್ಲಿನ ಊಟದ ಮೇಲಿನ ಆಸೆ ಜನರಿಗೆ ಕಡಿಮೆಯಾಗಿಲ್ಲ, ಕೂತು ಪೂರ್ತಿ ಊಟ ಮಾಡುವ ಬಿಡುವು ಕಡಿಮೆಯಾಗಿದೆ. ಬಾಗಿಲಲ್ಲಿ ಸಾಲು ಕಂಡವರು ತಿರುಗಿ ಹೋಗುತ್ತಿದ್ದಾರೆ. ಹಾಗಾಗಿ ಅನ್ನ, ಸಾರು, ಒಂದು ಪಲ್ಯವಿರುವ ಸಣ್ಣ ಊಟವೊಂದನ್ನು ಬೇಗ ಬಡಿಸುವ ಯೋಚನೆ ಅವಳಿಗೆ ಬರುತ್ತದೆ. ಕೈಬರಹದ ಪಟ್ಟಿ ಬರೆದು ಎರಡು ಮೇಜುಗಳಲ್ಲಿ ಒಂದು ವಾರ ಇಟ್ಟು ನೋಡುತ್ತಾಳೆ, ಜನ ಮೆಚ್ಚುತ್ತಾರೆ.

ಇಲ್ಲಿ ನಿಂತರೆ ಅಪಾಯವಿದೆ. ಜನ ಮೆಚ್ಚಿದ್ದು ಹೋಟೆಲನ್ನು ಉಳಿಸುತ್ತದೆ ಎಂದು ಹೇಳಲಾಗದು. ಪೂರ್ತಿ ಊಟದ ಬೆಲೆ 160 ರೂಪಾಯಿ, ಸಾಮಗ್ರಿಯ ಖರ್ಚು 70 ರೂಪಾಯಿ ಎಂದುಕೊಂಡರೆ ಉಳಿಯುವುದು 90. ಸಣ್ಣ ಊಟದ ಬೆಲೆ 90, ಖರ್ಚು 45 ಎಂದರೆ ಉಳಿಯುವುದು 45. ಮೇಲುನೋಟಕ್ಕೆ ಪ್ರತಿ ಗಿರಾಕಿಯಿಂದ ಬರುವ ಉಳಿಕೆ ಅರ್ಧಕ್ಕೆ ಇಳಿಯಿತು. ಆದರೆ ಪೂರ್ತಿ ಊಟಕ್ಕೆ 30 ನಿಮಿಷ, ಸಣ್ಣ ಊಟಕ್ಕೆ 12 ನಿಮಿಷ ಬೇಕು ಎಂದಿಟ್ಟುಕೊಂಡರೆ, ಎರಡು ಗಂಟೆಯ ಅವಸರದಲ್ಲಿ ಒಂದು ಕುರ್ಚಿಯ ಮೇಲೆ ನಾಲ್ಕು ಪೂರ್ತಿ ಊಟ ಆಗುತ್ತದೆ, ಅದರಿಂದ 360 ರೂಪಾಯಿ ಉಳಿಯುತ್ತದೆ; ಹತ್ತು ಸಣ್ಣ ಊಟ ಆಗುತ್ತದೆ, ಅದರಿಂದ 450 ಉಳಿಯುತ್ತದೆ. ಅಂದರೆ ಬಾಗಿಲಲ್ಲಿ ನಿಜವಾಗಿಯೂ ಸಾಲು ಇರುವ ಹೊತ್ತಿನಲ್ಲಿ ಸಣ್ಣ ಊಟ ಲಾಭ. ಕುರ್ಚಿ ಖಾಲಿ ಇರುವ ಹೊತ್ತಿನಲ್ಲಿ ಅದೇ ಸಣ್ಣ ಊಟ, ಪೂರ್ತಿ ಊಟ ಮಾಡುತ್ತಿದ್ದ ಗಿರಾಕಿಯನ್ನು ಕೆಳಕ್ಕೆಳೆದು ಪ್ರತಿಯೊಬ್ಬನ ಮೇಲೆ 45 ರೂಪಾಯಿ ನಷ್ಟ ಮಾಡುತ್ತದೆ. ಹೀಗಾಗಿ ಅದನ್ನು ಒಂದರಿಂದ ಎರಡೂವರೆಯವರೆಗೆ ಮಾತ್ರ ಕೊಡಬೇಕೇ, ಯಾವ ಯಾವ ಮೇಜಿನಲ್ಲಿ ಕೊಡಬೇಕು, ಪಾತ್ರೆ ತೊಳೆಯುವವರ ಕೆಲಸ ಎರಡೂವರೆ ಪಟ್ಟು ಹೆಚ್ಚಿದರೆ ಅದಕ್ಕೆ ಯಾರು, ಎಷ್ಟು ಸಂಬಳ ಎಂಬ ಪ್ರಶ್ನೆಗಳು ಏಳುತ್ತವೆ. ಈ ಪ್ರಶ್ನೆಗಳು ಕೈಬರಹದ ಪಟ್ಟಿಯಲ್ಲಿಲ್ಲ. ಆ ಪಟ್ಟಿ ಇಲ್ಲದಿದ್ದರೆ ಈ ಲೆಕ್ಕ ಹಾಕುವ ಸಂದರ್ಭವೂ ಬರುತ್ತಿರಲಿಲ್ಲ.

ಎರಡನ್ನೂ ಒಬ್ಬರೇ ಮಾಡಬಲ್ಲವರಾಗುವುದು ಅಥವಾ ಒಂದು ತಂಡದಲ್ಲಿ ಇಬ್ಬರ ಮಾತೂ ಇಬ್ಬರಿಗೂ ಅರ್ಥವಾಗುವಂತಾಗುವುದು ಸಂಯುಕ್ತ ಪದವಿ ಸಾಧಿಸಬೇಕಾದದ್ದು. ಇಂಥ ಅಭ್ಯಾಸದಲ್ಲಿ ಮುಂಬಯಿಯ ಕನ್ನಡ ವಿದ್ಯಾರ್ಥಿಗಳಿಗೆ ಒಂದು ಅನುಕೂಲವಿದೆ ಎಂದು ನಾನು ನಂಬಿದ್ದೇನೆ. ಮಾಲೀಕರೊಡನೆ ತುಳು, ಭಟ್ಟರೊಡನೆ ಕನ್ನಡ, ಗಿರಾಕಿಯೊಡನೆ ಮರಾಠಿ, ಕ್ಲೀನರ್ ಹುಡುಗನೊಡನೆ ಹಿಂದಿ ಆಡಬಲ್ಲವರಿಗೆ ಪ್ರಶ್ನಾವಳಿಯಲ್ಲಿ ಸಿಗದ ಮಾತುಗಳು ಸಿಗುತ್ತವೆ.

ಹೆಣಿಗೆಯ ಬಗೆಗಳು

ಈಗ ಪದವಿಯ ಕಟ್ಟಡಕ್ಕೆ ಬರೋಣ. ಸಂಯುಕ್ತ ಎಂಬ ಒಂದೇ ಹೆಸರಿನಡಿ ನಾಲ್ಕಾರು ಬೇರೆ ಬೇರೆ ರಚನೆಗಳು ನಡೆಯುತ್ತಿವೆ. ಗೊಂದಲದ ಮೂಲ ಇದೇ.

ಮೊದಲನೆಯ ಬಗೆ ಮೂಲ ಪದವಿಯೊಂದಕ್ಕೆ ನಾವೀನ್ಯದ ಪದವಿಯನ್ನು ಜೋಡಿಸುವುದು. ಇದನ್ನು ಗಂಭೀರವಾಗಿ ರೂಪಿಸಿದ ವಿಶ್ವವಿದ್ಯಾಲಯಗಳಲ್ಲಿ ಸಿಡ್ನಿಯ ತಂತ್ರಜ್ಞಾನ ವಿಶ್ವವಿದ್ಯಾಲಯ ಒಂದು. ಅಲ್ಲಿ 2014ರಲ್ಲಿ ಆರಂಭವಾದ ಸೃಜನಶೀಲ ಬುದ್ಧಿಮತ್ತೆ ಮತ್ತು ನಾವೀನ್ಯ ಪದವಿಯನ್ನು ಒಂಟಿಯಾಗಿ ಓದುವಂತೆ ರೂಪಿಸಿರಲಿಲ್ಲ. ವ್ಯವಹಾರ, ಕಾನೂನು, ಎಂಜಿನಿಯರಿಂಗ್, ವಿಜ್ಞಾನ, ವಿನ್ಯಾಸ ಮುಂತಾದ ಯಾವುದಾದರೂ ಮೂಲ ಪದವಿಯೊಡನೆ ಜೋಡಿಸಿಯೇ ಓದಬೇಕಿತ್ತು. ಮೂಲ ಪದವಿಯ ತರಗತಿಗಳು ನಿಯಮಿತ ಅವಧಿಯಲ್ಲಿ ನಡೆದರೆ, ನಾವೀನ್ಯದ ತರಗತಿಗಳು ಜುಲೈ ಮತ್ತು ಬೇಸಿಗೆಯ ರಜೆಗಳಲ್ಲಿ ಕೆಲವೇ ವಾರಗಳ ತೀವ್ರ ಅಭ್ಯಾಸವಾಗಿ ನಡೆಯುತ್ತಿದ್ದವು. ಕೊನೆಗೆ ಇಡೀ ಒಂದು ವರ್ಷ ಹೆಚ್ಚುವರಿಯಾಗಿ ಅದಕ್ಕೇ ಮೀಸಲು. ಈ ರಚನೆಯಲ್ಲಿ ನನಗೆ ಮುಖ್ಯವೆನಿಸುವುದು ಅದರ ತರಗತಿಯ ಮಿಶ್ರಣ. ನಿರ್ವಹಣೆಯ ವಿದ್ಯಾರ್ಥಿಯ ಪಕ್ಕದಲ್ಲಿ ಕಾನೂನಿನವನೂ ವಿಜ್ಞಾನದವಳೂ ಕೂತು ಒಂದೇ ಸಮಸ್ಯೆಯನ್ನು ಎದುರಿಸುವಾಗ, ತನ್ನ ವಿದ್ಯೆ ಯಾವುದನ್ನು ನೋಡುವುದಿಲ್ಲ ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಎರಡನೆಯ ಬಗೆ ಒಂದೇ ಪದವಿಯೊಳಗೆ ಎರಡನ್ನೂ ಬೆಸೆಯುವುದು. ನ್ಯೂಯಾರ್ಕಿನ ಪಾರ್ಸನ್ಸ್ ವಿನ್ಯಾಸ ಶಾಲೆ ಕೊಡುವ ಸ್ಟ್ರಾಟಜಿಕ್ ಡಿಸೈನ್ ಆ್ಯಂಡ್ ಮ್ಯಾನೇಜ್‌ಮೆಂಟ್ ಪದವಿ ಬಿ.ಬಿ.ಎ. ಎಂಬ ಹೆಸರಿನದೇ ಆದರೂ ವಿನ್ಯಾಸ ಶಾಲೆಯ ಮಡಿಲಲ್ಲಿ ನಡೆಯುತ್ತದೆ. ನಮ್ಮ ಮಾಟುಂಗಾದ ವೆಲಿಂಗ್ಕರ್ ಸಂಸ್ಥೆ ಸ್ನಾತಕೋತ್ತರ ಮಟ್ಟದಲ್ಲಿ ಬಿಸಿನೆಸ್ ಡಿಸೈನ್ ವಿಷಯದ ಡಿಪ್ಲೊಮಾ ನಡೆಸುತ್ತ ಬಂದಿದೆ.

ಮೂರನೆಯದು ಭಾರತದಲ್ಲಿ ಈಗ ಹೆಚ್ಚು ಸಿಗುವ ಮುಖ್ಯ ವಿಷಯ ಮತ್ತು ಉಪವಿಷಯದ ಬಗೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ಡಿಸೆಂಬರಿನಲ್ಲಿ ಪ್ರಕಟಿಸಿದ ಚೌಕಟ್ಟಿನ ಪ್ರಕಾರ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್ (ಓದಿನ ಪ್ರಮಾಣದ ಅಳತೆ), ನಾಲ್ಕು ವರ್ಷದ ಆನರ್ಸ್ ಪದವಿಗೆ 160 ಕ್ರೆಡಿಟ್ ಬೇಕು. ಮೂರು ವರ್ಷದ ಓದಿನಲ್ಲಿ ಮುಖ್ಯ ವಿಷಯಕ್ಕೆ ಕನಿಷ್ಠ 60, ಉಪವಿಷಯಕ್ಕೆ 24 ಕ್ರೆಡಿಟ್ ಎಂದು ಅದು ಸೂಚಿಸುತ್ತದೆ. ಒಂದು ಸೆಮಿಸ್ಟರಿಗೆ ಸುಮಾರು 20 ಕ್ರೆಡಿಟ್ ಎಂದು ಹಿಡಿದರೆ ಉಪವಿಷಯ ಎಂದರೆ ಒಂದು ಸೆಮಿಸ್ಟರಿಗಿಂತ ಸ್ವಲ್ಪ ಹೆಚ್ಚಿನ ಓದು ಎಂದಾಯಿತು. ನಿರ್ವಹಣೆ ಮುಖ್ಯವಾಗಿ, ವಿನ್ಯಾಸ ಉಪವಿಷಯವಾಗಿ ಓದುವುದು ಒಳ್ಳೆಯದೇ. ಅದನ್ನು ಎರಡು ಪದವಿಗೆ ಸಮವೆಂದು ಯಾರಾದರೂ ಹೇಳಿದರೆ ಈ ಅಂಕಿಯನ್ನು ನೆನಪಿಸಿಕೊಳ್ಳಬೇಕು.

ಕ್ರೆಡಿಟ್‌ನ ಇನ್ನೊಂದು ಮಗ್ಗುಲನ್ನು ಪಾಲಕರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಉಪನ್ಯಾಸದ ಒಂದು ಕ್ರೆಡಿಟ್ ಎಂದರೆ ಸೆಮಿಸ್ಟರಿಗೆ 15 ಗಂಟೆ. ಪ್ರಾಯೋಗಿಕ ಅಥವಾ ಸ್ಟುಡಿಯೋ ಕೆಲಸದ ಒಂದು ಕ್ರೆಡಿಟ್ ಎಂದರೆ 30 ಗಂಟೆ. ನಾಲ್ಕು ಕ್ರೆಡಿಟ್‌ನ ಲೆಕ್ಕಪತ್ರದ ತರಗತಿ 60 ಗಂಟೆಯಲ್ಲಿ ಮುಗಿದರೆ, ನಾಲ್ಕು ಕ್ರೆಡಿಟ್‌ನ ಸ್ಟುಡಿಯೋ 120 ಗಂಟೆ ಬೇಡುತ್ತದೆ. ಅಂಕಪಟ್ಟಿಯಲ್ಲಿ ಸಮವಾಗಿ ಕಾಣುವ ಎರಡು ವಿಷಯಗಳು ದಿನಚರಿಯಲ್ಲಿ ಸಮವಲ್ಲ. ಡೊಂಬಿವಲಿಯಿಂದ ಲೋವರ್ ಪರೇಲಿಗೆ ದಿನಾ ಲೋಕಲ್ ರೈಲಿನಲ್ಲಿ ಹೋಗಿಬರುವ ವಿದ್ಯಾರ್ಥಿಗೆ ಸಂಜೆ ತಡವಾಗಿ ಮುಗಿಯುವ ಸ್ಟುಡಿಯೋ ಎಷ್ಟು ಭಾರ ಎಂಬುದನ್ನು ಸೇರುವ ಮೊದಲೇ ಯೋಚಿಸಬೇಕು. ಸಿ.ಎ. ಓದನ್ನು ಜೊತೆಯಲ್ಲೇ ಎಳೆದುಕೊಂಡು ಹೋಗಬಹುದು ಎಂದು ಬಿ.ಕಾಂ. ವಿದ್ಯಾರ್ಥಿಗಳಿಗೆ ಹೇಳುವ ಮಾತು ಇಲ್ಲಿ ನಡೆಯುವುದು ಕಷ್ಟ.

ನಾಲ್ಕನೆಯದು, 2022ರ ಏಪ್ರಿಲಿನಲ್ಲಿ ಯುಜಿಸಿ ಅನುಮತಿ ಕೊಟ್ಟಂತೆ, ಎರಡು ಪದವಿಗಳನ್ನು ಒಟ್ಟಿಗೆ ಓದುವುದು. ತರಗತಿಯ ಹೊತ್ತು ಒಂದರ ಮೇಲೊಂದು ಬೀಳದಿದ್ದರೆ ಎರಡನ್ನೂ ಕಾಲೇಜಿಗೆ ಹೋಗಿಯೇ ಓದಬಹುದು. ಇಲ್ಲವೇ ಒಂದನ್ನು ದೂರಶಿಕ್ಷಣದಲ್ಲೋ ಆನ್‌ಲೈನಿನಲ್ಲೋ ಓದಬಹುದು. ಎರಡು ಪ್ರಮಾಣಪತ್ರ ಸಿಗುತ್ತದೆ ಎಂಬ ಕಾರಣಕ್ಕೆ ಇದು ಹಲವರಿಗೆ ಆಕರ್ಷಕವಾಗಿ ಕಂಡಿದೆ. ನನ್ನ ಅಭಿಪ್ರಾಯದಲ್ಲಿ ಇದನ್ನು ಸಂಯುಕ್ತ ಪದವಿ ಎನ್ನಲಾಗದು, ಏಕೆಂದರೆ ಹೋಟೆಲಿನ ಉದಾಹರಣೆಯಲ್ಲಿ ಕಂಡ ತಿದ್ದುಪಡಿಯ ಕೆಲಸವನ್ನು ಇಲ್ಲಿ ಯಾವ ಅಧ್ಯಾಪಕರೂ ಮಾಡಿಸುವುದಿಲ್ಲ. ಅದೆಲ್ಲ ವಿದ್ಯಾರ್ಥಿಯ ತಲೆಗೇ ಬಿಟ್ಟದ್ದು.

ಮುಂಬಯಿ, ಪುಣೆಯಲ್ಲಿ ಇಂದಿನ ಸ್ಥಿತಿ

ಬಿ.ಬಿ.ಎ., ಬಿ.ಎಂ.ಎಸ್., ಬಿ.ಸಿ.ಎ. ಕೋರ್ಸುಗಳು 2024–25ರ ಸಾಲಿನಿಂದ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯಾದ ಎಐಸಿಟಿಇ ವ್ಯಾಪ್ತಿಗೆ ಬಂದವು; ಅದರ ಬೆನ್ನಿಗೇ ಮಹಾರಾಷ್ಟ್ರದ ಸಿಇಟಿ ಕೇಂದ್ರ 2024ರಲ್ಲಿ ಈ ಕೋರ್ಸುಗಳಿಗೆ ಮೊದಲ ಬಾರಿ ಪ್ರವೇಶ ಪರೀಕ್ಷೆ ನಡೆಸಿತು. ಆಗ ಹಲವು ಕಾಲೇಜುಗಳು ತಮ್ಮ ಬಿ.ಎಂ.ಎಸ್. ಕೋರ್ಸನ್ನು ನಿರ್ವಹಣಾ ಅಧ್ಯಯನದ ಬಿ.ಕಾಂ. ಎಂದು ಹೆಸರು ಬದಲಿಸಿ ನಡೆಸತೊಡಗಿದವು. ಆದ್ದರಿಂದ ಕೈಪಿಡಿಯ ಮೇಲಿರುವ ಹೆಸರನ್ನು ನಂಬುವುದಕ್ಕಿಂತ ಕೊನೆಗೆ ಕೈಗೆ ಬರುವ ಪ್ರಮಾಣಪತ್ರದಲ್ಲಿ ಯಾವ ಪದವಿಯ ಹೆಸರು ಇರುತ್ತದೆ, ಅದನ್ನು ಕೊಡುವ ವಿಶ್ವವಿದ್ಯಾಲಯ ಯಾವುದು ಎಂಬುದನ್ನು ಬರಹದಲ್ಲಿ ಕೇಳಿ ತಿಳಿಯುವುದು ಅಗತ್ಯ. ಮುಂದೆ ಕ್ಯಾಟ್ ಬರೆದು ಎಂ.ಬಿ.ಎ. ಸೇರುವವರಿಗೆ ಯಾವುದೇ ಮಾನ್ಯ ಪದವಿ ಸಾಕು. ಸಿ.ಎ. ಕೋರ್ಸಿಗೆ ಪದವಿಯ ಬಳಿಕ ನೇರವಾಗಿ ಸೇರುವವರಿಗೆ ಮಾತ್ರ ವಾಣಿಜ್ಯ ಪದವೀಧರರಾದರೆ 55 ಶೇಕಡಾ, ಉಳಿದವರಾದರೆ 60 ಶೇಕಡಾ ಅಂಕದ ನಿಯಮವಿರುವುದರಿಂದ ಪದವಿಯ ವಿಷಯಗಳು ಯಾವ ಗುಂಪಿಗೆ ಸೇರುತ್ತವೆ ಎಂಬುದು ಮುಖ್ಯವಾಗುತ್ತದೆ.

ವಿನ್ಯಾಸದ ಬಾಗಿಲಿನಿಂದ ಬರಲು ಬಯಸುವವರಿಗೆ ಪವಾಯಿಯಲ್ಲಿ ಐಐಟಿಯ ಬಿ.ಡಿಸೈನ್ ಇದೆ, 2015ರಲ್ಲಿ ಆರಂಭವಾದ ಈ ಪದವಿಗೆ ಯುಸೀಡ್ ಎಂಬ ಪರೀಕ್ಷೆಯ ಮೂಲಕ ಪ್ರವೇಶ. ಹನ್ನೆರಡನೆಯ ತರಗತಿಯಲ್ಲಿ ವಿಜ್ಞಾನವೇ ಓದಿರಬೇಕೆಂಬ ನಿಯಮ ಇಲ್ಲದಿರುವುದರಿಂದ ವಾಣಿಜ್ಯ ಮತ್ತು ಕಲಾ ವಿಭಾಗದವರೂ ಬರೆಯಬಹುದು. ಅದೇ ಆವರಣದಲ್ಲಿ 1995ರಿಂದ ಶೈಲೇಶ್ ಮೆಹ್ತಾ ನಿರ್ವಹಣಾ ಶಾಲೆಯೂ, ಹೊಸ ಉದ್ಯಮಗಳಿಗೆ ಆಸರೆ ಕೊಡುವ ಸೈನ್ ಎಂಬ ಕೇಂದ್ರವೂ ಇರುವುದರಿಂದ, ಪದವಿಯ ಹೆಸರು ಸಂಯುಕ್ತವಲ್ಲದಿದ್ದರೂ ಕೂಡಿಕೆಯ ವಾತಾವರಣ ಅಲ್ಲಿದೆ. ಪುಣೆಯಲ್ಲಿ ವಿಮಾನ್ ನಗರದ ಸಿಂಬಯಾಸಿಸ್ ವಿನ್ಯಾಸ ಸಂಸ್ಥೆ, ಲೋಣಿ ಕಾಳಭೋರದ ಎಂಐಟಿ ವಿನ್ಯಾಸ ಸಂಸ್ಥೆ ಇವೆ. ಮುಖ್ಯ ವಿಷಯ, ಉಪವಿಷಯಗಳನ್ನು ವಿದ್ಯಾರ್ಥಿಯೇ ಆರಿಸಿಕೊಳ್ಳುವ ಉದಾರ ಶಿಕ್ಷಣದ ಮಾದರಿಗೆ ಫ್ಲೇಮ್ ವಿಶ್ವವಿದ್ಯಾಲಯ ಹೆಸರಾಗಿದೆ. ಗೋವಾದಲ್ಲಿ ಸಾಖಳಿಯ ಗೋವಾ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಸ್ನಾತಕೋತ್ತರ ಓದಿಗೆ ಪ್ರಸಿದ್ಧ.

ಕಾಲೇಜನ್ನು ಆರಿಸುವಾಗ ನಾನು ಎಲ್ಲಕ್ಕಿಂತ ಮೊದಲು ನೋಡುವುದು ಒಂದನ್ನು: ನಾವೀನ್ಯಕ್ಕೆ ಜಾಗ ಮಾಡಿಕೊಡಲು ನಿರ್ವಹಣೆಯ ಯಾವ ವಿಷಯಗಳನ್ನು ತೆಗೆದುಹಾಕಿದ್ದಾರೆ? ವೆಚ್ಚದ ಲೆಕ್ಕ, ಸಂಖ್ಯಾಶಾಸ್ತ್ರ ಮತ್ತು ಹಣಕಾಸು ಮೂರೂ ಪೂರ್ತಿಯಾಗಿ ಇಲ್ಲದಿದ್ದರೆ ಆ ಕೋರ್ಸಿಗೆ ಸೇರಬಾರದೆಂದು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ. ಮೂರು ದಿನದ ಕಾರ್ಯಾಗಾರ ನಡೆಸಿ ಗೋಡೆಗೆ ಬಣ್ಣಬಣ್ಣದ ಚೀಟಿ ಅಂಟಿಸಿ ಅದನ್ನೇ ಡಿಸೈನ್ ಥಿಂಕಿಂಗ್ (ವಿನ್ಯಾಸಕಾರರಂತೆ ಸಮಸ್ಯೆ ಬಿಡಿಸುವ ಕ್ರಮ) ಎಂದು ಕರೆಯುವ ಕಡೆಯಿಂದಲೂ ದೂರವಿರಬೇಕು. ವರ್ಷವಿಡೀ ಒಂದೇ ಸಮಸ್ಯೆಯನ್ನು ಹೊರಗಿನ ಸಂಸ್ಥೆಯೊಂದರ ಜೊತೆ ಬಿಡಿಸುವ ಕೊನೆಯ ವರ್ಷದ ಯೋಜನೆ ಇದೆಯೇ, ಅದಕ್ಕೆ ಹಣಕಾಸು ಕಲಿಸುವವರೂ ವಿನ್ಯಾಸ ಕಲಿಸುವವರೂ ಒಟ್ಟಿಗೆ ಕೂತು ಅಂಕ ಕೊಡುತ್ತಾರೆಯೇ ಎಂಬುದು ಅಷ್ಟೇ ಮುಖ್ಯ. ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಬೇರೆ ಬೇರೆ ವರದಿಗೆ ಅಂಕ ಕೊಟ್ಟರೆ ವಿದ್ಯಾರ್ಥಿಯೂ ಎರಡು ವರದಿಗಳನ್ನು ಬೇರೆಯಾಗಿಯೇ ಬರೆಯುತ್ತಾನೆ.

ಅಂಕದ ಬಗೆಯನ್ನೂ ಕೇಳಬೇಕು. ಮಾದರಿ ಸೋತಾಗ ಅದು ಏಕೆ ಸೋತಿತು ಎಂದು ಚೆನ್ನಾಗಿ ದಾಖಲಿಸಿದ ವಿದ್ಯಾರ್ಥಿಗೆ, ಗೆದ್ದ ಮಾದರಿಯ ಕಾರಣ ಹೇಳಲಾರದವನಿಗಿಂತ ಹೆಚ್ಚು ಅಂಕ ಸಿಗುವ ವ್ಯವಸ್ಥೆ ಇಲ್ಲದಿದ್ದರೆ, ಎಲ್ಲರೂ ಸೋಲದ ಸುಲಭ ಯೋಜನೆಗಳನ್ನೇ ಆರಿಸಿಕೊಳ್ಳುತ್ತಾರೆ. ಗುಂಪಿನ ಕೆಲಸದಲ್ಲಿ ಒಬ್ಬೊಬ್ಬರ ಪಾಲನ್ನು ಹೇಗೆ ಗುರುತಿಸುತ್ತಾರೆ ಎಂಬುದೂ ಇದಕ್ಕೇ ಸೇರಿದ ಪ್ರಶ್ನೆ.

ಉದ್ಯೋಗದ ವಿಚಾರದಲ್ಲಿ ಪಾಲಕರಿಗೆ ನೇರವಾಗಿ ಹೇಳಬೇಕಾದದ್ದಿದೆ. ಕ್ಯಾಂಪಸ್ಸಿಗೆ ಬರುವ ಕಂಪನಿಗಳ ಪಟ್ಟಿಯಲ್ಲಿ ಈ ಪದವಿಗೆಂದೇ ಮೀಸಲಾದ ಹುದ್ದೆ ಸಾಮಾನ್ಯವಾಗಿ ಇರುವುದಿಲ್ಲ. ಪ್ರಾಡಕ್ಟ್ ಮ್ಯಾನೇಜರ್, ಸರ್ವಿಸ್ ಡಿಸೈನರ್, ಬ್ರ್ಯಾಂಡ್ ಮತ್ತು ಸಲಹಾ ಸಂಸ್ಥೆಗಳ ಕೆಲಸ, ಸ್ಟಾರ್ಟಪ್‌ಗಳಲ್ಲಿ ನಾಲ್ಕು ಹೊಣೆ ಒಟ್ಟಿಗೆ ಹೊರುವ ಹುದ್ದೆ, ಮನೆತನದ ಉದ್ಯಮ ಇವು ಈ ಓದಿಗೆ ಒಗ್ಗುವ ಜಾಗಗಳು. ಅಲ್ಲೆಲ್ಲ ಅಂಕಪಟ್ಟಿಯ ಜೊತೆಗೆ ಪೋರ್ಟ್‌ಫೋಲಿಯೋ, ಅಂದರೆ ಮಾಡಿದ ಕೆಲಸದ ಸಂಗ್ರಹ, ಕೇಳುತ್ತಾರೆ. ಅದರಲ್ಲಿ ಚಂದದ ಚಿತ್ರಗಳಿಗಿಂತ, ಸಮಸ್ಯೆಯನ್ನು ಮೊದಲು ಹೇಗೆ ತಿಳಿದುಕೊಂಡೆ, ಎಲ್ಲಿ ಬದಲಿಸಿದೆ, ಲೆಕ್ಕ ಏನು ಹೇಳಿತು ಎಂಬ ವಿವರಣೆ ಇರಬೇಕು. ಬ್ಯಾಂಕಿನ ಸ್ಥಿರವಾದ ಕೆಲಸವನ್ನೋ ಲೆಕ್ಕಪರಿಶೋಧನೆಯನ್ನೋ ನಿಶ್ಚಯಿಸಿಕೊಂಡಿರುವ ವಿದ್ಯಾರ್ಥಿಗೆ ಈ ಹೆಚ್ಚುವರಿ ಓದೂ ಅದರ ಶುಲ್ಕವೂ ಅಗತ್ಯವಿಲ್ಲ.

ಕಾಲದ ಲೆಕ್ಕ ತಪ್ಪಿ ಅವಕಾಶ ಕಳೆದುಕೊಳ್ಳುವವರು ಬಹಳ. ವಾಣಿಜ್ಯ ವಿಭಾಗದ ಮನೆಗಳಲ್ಲಿ ಪದವಿಯ ಯೋಚನೆ ಶುರುವಾಗುವುದು ಬೋರ್ಡ್ ಪರೀಕ್ಷೆ ಮುಗಿದ ಮೇಲೆ. ಯುಸೀಡ್‌ನ ನೋಂದಣಿ ಅದರ ಹಿಂದಿನ ಅಕ್ಟೋಬರಿನ ಹೊತ್ತಿಗೇ ಆರಂಭವಾಗಿ ಪರೀಕ್ಷೆ ಜನವರಿಯಲ್ಲಿ ನಡೆದುಹೋಗಿರುತ್ತದೆ. ಆದ್ದರಿಂದ ಹನ್ನೆರಡನೆಯ ತರಗತಿಯ ದೀಪಾವಳಿಯ ಒಳಗೆ ಈ ಮಾತು ಮನೆಯಲ್ಲಿ ನಡೆದಿರಬೇಕು. ಅದಕ್ಕೂ ಮೊದಲು, ವಿನ್ಯಾಸ ಸಂಸ್ಥೆಗಳು ಕೊನೆಯ ವರ್ಷದ ವಿದ್ಯಾರ್ಥಿಗಳ ಕೆಲಸವನ್ನು ಪ್ರದರ್ಶಿಸುವ ದಿನಗಳಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ, ಯಾವುದಾದರೂ ಒಂದು ಯೋಜನೆಯ ಮುಂದೆ ನಿಂತು, ಇದಕ್ಕೆ ಹಣ ಕೊಡುವವರು ಯಾರು, ಒಂದಕ್ಕೆ ಎಷ್ಟು ಖರ್ಚು ಬೀಳುತ್ತದೆ, ಮೊದಲ ಮಾದರಿ ಏಕೆ ಕೆಟ್ಟಿತು ಎಂದು ಅದನ್ನು ಮಾಡಿದ ವಿದ್ಯಾರ್ಥಿಯನ್ನೇ ಕೇಳಿ ನೋಡಿ.